ಕಿವಿರು

ಪಾಲಿಶ್ ಅಂದರೆ ಹಚ್ಚುವುದು ಅಂದುಕೊಂಡಿದ್ದಾರೆ ಎಲ್ಲರೂ.
ಅಲ್ಲ. ಅದು ಕಳೆಯುವುದು.
ಗೀರಿನ ತಳ ಎಷ್ಟು ಆಳವೋ ಅಷ್ಟು ಆಳಕ್ಕೆ
ಸುತ್ತಲಿನ ಒಳ್ಳೆಯ ಬಣ್ಣವನ್ನೂ ತೇಯುವುದು;
ಗುಂಡಿ ಮುಚ್ಚದೆ ಊರನ್ನೇ ತಗ್ಗಿಸಿದ ಹಾಗೆ.

ಹಚ್ಚುವುದು ವ್ಯಾಕ್ಸು. ಬ್ರೆಜಿಲಿನ ಯಾವುದೋ ತಾಳೆ
ಬಿಸಿಲಿಗೆ ಹೆದರಿ ಎಲೆಯ ಮೇಲೆ ಬಿಟ್ಟುಕೊಂಡ ಮೇಣ
ಡಬ್ಬಿಯೊಳಗೆ ಕೂತು ಕೋಡಿಬಾಗಕ್ಕೆ ಬಂದಿದೆ.
ಕಡಲೆಕಾಳಿನಷ್ಟು ಸಾಕು ಒಂದು ಬಾಗಿಲಿಗೆ.
ಹೆಚ್ಚು ಬಳಿದವನು ಹೆಚ್ಚು ಒರೆಸುತ್ತಾನೆ, ಅಷ್ಟೇ.

ಮೂರನೆಯದೊಂದಿದೆ, ಗ್ಲೇಜು.
ಕಳೆಯುವುದೂ ಇಲ್ಲ, ಕಾಯುವುದೂ ಇಲ್ಲ,
ಗೀರಿನೊಳಗೆ ಎಣ್ಣೆಯಾಗಿ ಕೂತು
ನೋಡುವವರ ಕಣ್ಣನ್ನು ಜಾರಿಸುತ್ತದೆ.
ಎರಡು ತೊಳೆತ. ಮೂರನೆಯದಕ್ಕೆ ಎಲ್ಲ ಬಯಲು.

ಪೆಡ್ನೇಕರ ದೋಂಡು ತನ್ನ ಕರಿ ಕಾರು ತಂದಿದ್ದ, ಮಾರುವುದಿತ್ತು.
ಏಳು ವರ್ಷ ಒಣ ಬಟ್ಟೆಯಲ್ಲಿ ಧೂಳು ಹೊಡೆದು ಹೊಡೆದು
ಬಾನೆಟ್ಟಿನ ತುಂಬ ಜೇಡರ ಬಲೆ.
"ಎರಡು ವಾರ ನಿಂತರೆ ಸಾಕೋ, ಉಲ್ಲಾಸಾ" ಅಂದ.
ನಿಂತಿತು. ನಾನೇ ನಿಲ್ಲಿಸಿದ್ದು.
ಅವತ್ತು ಸಂಜೆ ಆ ಬಾನೆಟ್ಟಿನಲ್ಲಿ
ಸದಾಶಿವಗಡ ತಲೆಕೆಳಗಾಗಿತ್ತು, ಒಂದು ಮರವೂ ಅಲುಗದೆ.

ಇವತ್ತು ಅದೇ ಕಾರು, ಡಿಕ್ಕಿಯಿಂದ ನೀರು ತೊಟ್ಟಿಕ್ಕುತ್ತ.
ಇಳಿದವಳು ಶೆವಂತಿ ತಾಂಡೇಲ.
ಬೈತಖೋಲದಿಂದ ಮೂವತ್ತು ವರ್ಷ ಬುಟ್ಟಿ ಹೊತ್ತ ನೆತ್ತಿಗೆ
ಬಿಡುವು ಸಿಗಲೆಂದು ಕೊಂಡ ಕಾರು.
ಬಾನೆಟ್ಟಿಗೆ ಬೆರಳು ತೋರಿಸಿ ಸುಮ್ಮನೆ ನಿಂತಳು.
ಮಧ್ಯಾಹ್ನದ ಬಿಸಿಲಿಗೆ ಬಲೆ ಮತ್ತೆ ಹರಡಿತ್ತು,
ಮೊದಲಿಗಿಂತ ದಟ್ಟವಾಗಿ.

ನನ್ನ ಹತ್ತಿರ ಮಾತು ತಯಾರಿತ್ತು:
ಉಪ್ಪು ಗಾಳಿ, ಹೆದ್ದಾರಿಯ ಧೂಳು, ಕಾಗೆ.
ಬಾಯಿ ತೆರೆಯುವ ಮೊದಲೇ ಅವಳೆಂದಳು:
"ಕಿವಿರು ಎತ್ತಿ ನೋಡಬೇಕಿತ್ತು ನಾನು.
ಮೈಯ ಹೊಳಪು ನೋಡಿ ಮೀನು ಒಯ್ಯುವ ಗಿರಾಕಿ ಕಂಡರೆ
ಒಳಗೊಳಗೇ ನಗುವವಳು ನಾನು."
ಆಮೇಲೆ, ಸ್ವಲ್ಪ ಸಣ್ಣ ದನಿಯಲ್ಲಿ,
"ನಿನ್ನೆಯ ಬಂಗಡೆಗೆ ಬೆಳಿಗ್ಗೆ ನೀರು ಚಿಮುಕಿಸುತ್ತೇನಲ್ಲ, ನಾನೂ."

ಯಾರು ಹಚ್ಚಿದ್ದೆಂದು ಅವಳು ಕೇಳಲಿಲ್ಲ.
ಕಪಾಟಿನಲ್ಲಿ ಅರ್ಧ ಖಾಲಿಯಾದ ಬಾಟಲಿ
ನಮ್ಮಿಬ್ಬರನ್ನೂ ನೋಡುತ್ತಿತ್ತು.

ಮೀಟರು ಇಟ್ಟೆ. ಅಂಚಿನಲ್ಲಿ ಎಪ್ಪತ್ತು ಮೈಕ್ರಾನು.
ಇನ್ನು ಜೋರಾಗಿ ತೇಯ್ದರೆ ಕೆಳಗಿನ ಪ್ರೈಮರು ಇಣುಕುತ್ತದೆ.
ಎರಡು ಬಕೆಟ್ಟು: ಒಂದು ಸೋಪಿಗೆ, ಒಂದು ಕೊಳೆಗೆ.
ಅಂಗೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ಸವರಿದರೆ ಮರಳುಮರಳು;
ಕ್ಲೇ ತಿಕ್ಕಿದ ಮೇಲೆ ಚೀಲ ಸದ್ದಿಲ್ಲದೆ ಜಾರಿತು.
ಮೆತ್ತನೆ ಸ್ಪಂಜು, ಹಗುರ ಪಾಲಿಶು, ಒಂದೇ ಸುತ್ತು.
ಹೋಗುವ ಗೀರು ಹೋದವು. ಹೋಗದವು ಇವೆ.

"ಮೇಣ ಬೇಡ ನಿಮಗೆ. ಈ ಸೆಖೆಗೆ, ಮೀನಿನ ನೀರಿಗೆ
ತಿಂಗಳೂ ತಾಳುವುದಿಲ್ಲ. ಸೀಲಂಟು ಹಚ್ಚುತ್ತೇನೆ.
ಮೇಣದಷ್ಟು ಚಂದ ಕಾಣದು. ಒಂದು ರಾತ್ರಿ
ಇಬ್ಬನಿ ತಾಗದೆ ಶೆಡ್ಡಿನಲ್ಲಿರಬೇಕು.
ಆದರೆ ಮಳೆಗಾಲ ದಾಟುತ್ತದೆ."
"ಚಂದ ಯಾರಿಗೆ ಬೇಕು" ಅಂದಳು.
ಅನ್ನುತ್ತಲೇ ಬಾಗಿಲಿನ ಒಂದು ಗೀರಿನ ಮೇಲೆ
ಬೆರಳಾಡಿಸುತ್ತಿದ್ದಳು.

ಮರುದಿನ ಬಂದಾಗ ಮಗ್ಗಿನಿಂದ ನೀರು ಎರಚಿ ತೋರಿಸಿದೆ.
ಹನಿಗಳು ಗುಂಡಗಾಗಿ ಓಡಿದವು, ಅವುಗಳ ಕೆಳಗೆ
ಗಾಜು ಹಾಕಿಸಿದ ಪಟದ ಹಾಗೆ
ಗೀರುಗಳು ಇದ್ದಲ್ಲೇ.

ಹಣ ತೆಗೆದುಕೊಳ್ಳಲಿಲ್ಲ ಅಂದರೆ ಸುಳ್ಳು. ಅರ್ಧ ತೆಗೆದುಕೊಂಡೆ.
ಉಳಿದರ್ಧಕ್ಕೆ ಸಾಗವಾನಿ ಎಲೆಯಲ್ಲಿ ಸುತ್ತಿ
ಎಂಟು ಬಂಗಡೆ ಕೊಟ್ಟಳು.
ಅವಳೆದುರು ಬಿಚ್ಚಿ ನೋಡಲು ನನಗೆ ಮೋರೆಯಿರಲಿಲ್ಲ.

ಮನೆಯಲ್ಲಿ ಆಯಿ ಒಂದರ ಕಿವಿರು ಎತ್ತಿದಳು,
ಕಿಟಕಿಯ ಬೆಳಕಿಗೆ ಹಿಡಿದಳು,
ಏನೂ ಹೇಳದೆ
ಅರಿಶಿನದ ಡಬ್ಬಿಗೆ ಕೈ ಹಾಕಿದಳು.